ಆಪರೇಷನ್ ಆದ ಮೂರನೆಯ ದಿನ



ಪಿತ್ತಕೋಶ ತೆಗೆಯುವ ಆಪರೇಷನ್ನಿನ ಬಗ್ಗೆ ಕೇಳದವರು ಈಗ ಕಡಿಮೆ. ನಾನಿರುವುದು ಮುಂಬಯಿ ಹತ್ತಿರದ ವಿಠ್ಠಲವಾಡಿಯಲ್ಲಿ. ಕಲ್ಯಾಣ ದಾಟಿ ಕರ್ಜತ್ ಕಡೆ ಹೋಗುವ ಲೋಕಲ್ ಗಾಡಿಗೆ ಅದು ಮೊದಲ ಸ್ಟೇಷನ್. ಅದರ ಮುಂದಿನದು ಉಲ್ಲಾಸನಗರ. ಇಲ್ಲಿ ಉಡುಪಿ ಕಡೆಯಿಂದ ಬಂದ ಹೋಟೆಲಿನವರಿದ್ದಾರೆ, ಕಲಬುರಗಿ, ವಿಜಯಪುರದಿಂದ ಬಂದ ಕಟ್ಟಡ ಕೆಲಸದವರಿದ್ದಾರೆ. ಯಾರನ್ನು ವಿಚಾರಿಸಿದರೂ ನೆಂಟರಲ್ಲೋ ನೆರೆಯಲ್ಲೋ ಒಬ್ಬರಿಗೆ ಈ ಆಪರೇಷನ್ ಆಗಿರುತ್ತದೆ. “ದುರ್ಬೀನಿನ ಆಪರೇಷನ್, ಒಂದು ದಿನದ ಕೆಲಸ” ಎನ್ನುತ್ತಾರೆ. ಡಾಕ್ಟರ ಕೆಲಸ ಸುಮಾರು ಒಂದು ಗಂಟೆಯದು, ಆಸ್ಪತ್ರೆಯ ವಾಸ ಒಂದೆರಡು ದಿನದ್ದು. ಅದು ನಿಜ. ಆರೈಕೆ ಮಾತ್ರ ಒಂದು ದಿನಕ್ಕೆ ಮುಗಿಯುವುದಿಲ್ಲ.

ನಾನು ಸರ್ಜರಿ ವಾರ್ಡಿನಲ್ಲಿ ಸಿಸ್ಟರ್ ಆಗಿ ಬಹಳ ವರ್ಷ ಕೆಲಸ ಮಾಡಿದವಳು. ಆಪರೇಷನ್ ಮಾಡುವ ವಿಧಾನ ಹೇಳಬೇಕಾದವರು ಡಾಕ್ಟರು. ಅದಕ್ಕೆ ಮೊದಲು, ಅದಾದ ರಾತ್ರಿ, ಆಮೇಲೆ ಮನೆಯಲ್ಲಿ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ನಾನು ಹೇಳುತ್ತೇನೆ.

ಮೊದಲು ಆ ಅಂಗದ ಪರಿಚಯ ಮಾಡಿಕೊಳ್ಳೋಣ. ಕುಳಿತಲ್ಲೇ ನಿಮ್ಮ ಅಂಗೈಯನ್ನು ಬಲಗಡೆಯ ಪಕ್ಕೆಲುಬಿನ ಅಂಚಿಗೆ ಇಟ್ಟುಕೊಳ್ಳಿ. ಒಳಗಿರುವುದು ಪಿತ್ತಜನಕಾಂಗ, ಅಂದರೆ ಲಿವರ್. ಅದರ ಅಡಿಗೆ ಅಂಟಿಕೊಂಡು ಒಂದು ಚೀಲವಿದೆ. ಎಳೆ ಬದನೆಕಾಯಿಯ ಹಾಗೆ, ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರ. ಅದೇ ಪಿತ್ತಕೋಶ. ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಿಸುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ಅದರ ಒಂದು ಪಾಲು ಈ ಚೀಲಕ್ಕೆ ಬಂದು ಗಟ್ಟಿಯಾಗುತ್ತದೆ. ಜಿಡ್ಡಿನ ಊಟ ಮಾಡಿದಾಗ ಚೀಲ ಹಿಂಡಿಕೊಂಡು ರಸವನ್ನು ಕರುಳಿಗೆ ಕಳಿಸುತ್ತದೆ. ಕಲ್ಲಾಗುವುದು ಈ ಚೀಲದಲ್ಲಿ. ಕಲ್ಲು ಚೀಲದ ಬಾಯಿಗೆ ಅಡ್ಡ ಸಿಕ್ಕಿದರೆ ನೋವು ಏಳುತ್ತದೆ. ಅದು ಬೆನ್ನಿಗೆ, ಬಲ ಭುಜದ ಹಲಗೆಗೆ ಹರಿಯುತ್ತದೆ. ಹೆಚ್ಚಾಗಿ ರಾತ್ರಿ ಊಟದ ಮೇಲೆ ಬರುತ್ತದೆ.

ನಮ್ಮ ಜನ ಇದನ್ನು ಗ್ಯಾಸು ಎಂದುಕೊಳ್ಳುತ್ತಾರೆ. ಸೋಡಾ ಕುಡಿಯುತ್ತಾರೆ, ಓಮ ಜಗಿಯುತ್ತಾರೆ. ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡ ಮೇಲೆ ಬಾಳೆದಿಂಡಿನ ರಸ ಕುಡಿಯಲು ಶುರು ಮಾಡುತ್ತಾರೆ. ಮೂತ್ರಪಿಂಡದ ಕಲ್ಲು ಬೇರೆ, ಪಿತ್ತಕೋಶದ ಕಲ್ಲು ಬೇರೆ. ಎಷ್ಟು ನೀರು ಕುಡಿದರೂ ಪಿತ್ತಕೋಶದ ಕಲ್ಲು ಮೂತ್ರದಲ್ಲಿ ಹೋಗುವುದಿಲ್ಲ, ಅದಕ್ಕೆ ಆ ದಾರಿಯೇ ಇಲ್ಲ. ಸಣ್ಣ ಕಲ್ಲೊಂದು ಜಾರಿ, ರಸ ಕರುಳಿಗೆ ಹರಿಯುವ ಪಿತ್ತನಾಳಕ್ಕೆ ಇಳಿದರೆ ಕಾಮಾಲೆ ಬರಬಹುದು, ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೆ ಕುತ್ತು ಬರಬಹುದು. ಹಾಗಾಗಿ ನೋವು ಕೊಡುವ ಕಲ್ಲಿದ್ದರೆ ಡಾಕ್ಟರು ಚೀಲವನ್ನೇ ತೆಗೆಯುತ್ತಾರೆ. ಬರೀ ಕಲ್ಲು ತೆಗೆದು ಚೀಲ ಬಿಟ್ಟರೆ ಮತ್ತೆ ಕಲ್ಲು ಕಟ್ಟಬಹುದು.

ಚೀಲ ಹೋದರೆ ಜೀರ್ಣವಾಗುವುದು ಹೇಗೆ? ಈ ಪ್ರಶ್ನೆ ಕೇಳದ ರೋಗಿ ಇಲ್ಲ. ಪಿತ್ತರಸ ಮಾಡುವುದು ಲಿವರ್, ಅದು ಇದ್ದೇ ಇರುತ್ತದೆ. ಮುಂದೆ ರಸವು ಚೀಲದಲ್ಲಿ ನಿಲ್ಲದೆ ನೇರವಾಗಿ ಕರುಳಿಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಇದನ್ನು ಹೇಳುವುದು ಸಿಸ್ಟರಿನ ಮೊದಲ ಚಿಕಿತ್ಸೆ. ಭಯ ಇಳಿದ ರೋಗಿ ಹೇಳಿದ ಮಾತು ಕೇಳಿಸಿಕೊಳ್ಳುತ್ತಾರೆ.

ಇನ್ನು ಸ್ವಲ್ಪ ಹಿಂದಿನ ಕಥೆ. ಪಿತ್ತಕೋಶವನ್ನು ಮೊದಲು ತೆಗೆದದ್ದು 1882ರ ಜುಲೈಯಲ್ಲಿ, ಬರ್ಲಿನ್ನಿನಲ್ಲಿ. ತೆಗೆದವರು ಕಾರ್ಲ್ ಲಾಂಗೆನ್‌ಬುಖ್. ರೋಗಿಗೆ ನಲವತ್ತು ದಾಟಿತ್ತು, ಹದಿನಾರು ವರ್ಷ ನೋವು ತಿಂದಿದ್ದರು. ಮರುದಿನ ಅವರಿಗೆ ಜ್ವರವಿರಲಿಲ್ಲ, ನೋವೂ ಹೆಚ್ಚಿರಲಿಲ್ಲ. ಆದರೆ ಎದ್ದು ಓಡಾಡಿದ್ದು ಹನ್ನೆರಡನೆಯ ದಿನ, ಮನೆಗೆ ಹೋದದ್ದು ಆರು ವಾರದ ಮೇಲೆ. ಆಮೇಲೆ ನೂರು ವರ್ಷ ಹೊಟ್ಟೆ ಕೊಯ್ದೇ ತೆಗೆಯುತ್ತಿದ್ದರು. 1985ರಲ್ಲಿ ಜರ್ಮನಿಯ ಎರಿಖ್ ಮ್ಯೂಹೆ ಸಣ್ಣ ರಂಧ್ರದಿಂದ ದುರ್ಬೀನು ಹಾಕಿ ತೆಗೆದು ತೋರಿಸಿದರು. 1987ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಫಿಲಿಪ್ ಮೂರೆ ಇದನ್ನೇ ಮಾಡಿದರು. ನಮ್ಮ ದೇಶದಲ್ಲಿ ಅದು ಮೊದಲು ನಡೆದದ್ದು ಇಲ್ಲೇ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ, 1990ರ ಮೇ ತಿಂಗಳ ಕೊನೆಗೆ. ಮಾಡಿದವರು ಡಾಕ್ಟರ್ ತೆಹೆಮ್‌ಟನ್ ಉದ್ವಾಡಿಯಾ. ಅವರು 1972ರಿಂದಲೇ ಜೆ.ಜೆ.ಯಲ್ಲಿ ಹೊಟ್ಟೆಯೊಳಗೆ ದುರ್ಬೀನು ಹಾಕಿ ರೋಗ ಪತ್ತೆ ಮಾಡುತ್ತಿದ್ದರು. 2017ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಸರ್ಕಾರಿ ಆಸ್ಪತ್ರೆಯ ಬಡರೋಗಿಗೂ ದೊಡ್ಡ ಗಾಯವಿಲ್ಲದ ಆಪರೇಷನ್ ಸಿಗಬೇಕು ಎಂದು ದುಡಿದವರು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂದು ನನಗೆ ಅನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಚೀಲ ಹೋದರೂ ಪಿತ್ತರಸ ಇರುತ್ತದೆ. ಆಸ್ಪತ್ರೆಯ ವಾಸ ಆರು ವಾರದಿಂದ ಒಂದೆರಡು ದಿನಕ್ಕೆ ಇಳಿದಿದೆ. ಹಾಗಾದರೆ ಆ ಉಳಿದ ದಿನಗಳ ಆರೈಕೆ ಎಲ್ಲಿ ಹೋಯಿತು? ಅದು ನಿಮ್ಮ ಮನೆಗೆ ಬಂತು. ಮೊದಲು ಮೂರನೆಯ ದಿನ ರೋಗಿ ನಮ್ಮ ಕಣ್ಣೆದುರು ಇರುತ್ತಿದ್ದರು. ಈಗ ಮೂರನೆಯ ದಿನ ಅವರು ನಿಮ್ಮ ಖೋಲಿಯ ಚಾಪೆಯ ಮೇಲೆ ಇರುತ್ತಾರೆ. ನಾವು ನೋಡುತ್ತಿದ್ದದ್ದನ್ನು ನೀವು ನೋಡಬೇಕು. ನನ್ನ ಇವತ್ತಿನ ಮಾತಿನ ಸಾರವೆಲ್ಲ ಇದರಲ್ಲೇ ಇದೆ.

ಈಗ ಆಪರೇಷನ್ನಿಗೆ ಹಿಂದಿನ ದಿನಕ್ಕೆ ಬರೋಣ. ರೋಗಿ ಬಂದ ಕೂಡಲೇ ಸಿಸ್ಟರ್ ಬಹಳ ಪ್ರಶ್ನೆ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ಉಂಟೇ, ರಕ್ತ ತೆಳುವಾಗುವ ಮಾತ್ರೆ ಉಂಟೇ, ಯಾವುದಾದರೂ ಇಂಜೆಕ್ಷನ್ ಒಗ್ಗುವುದಿಲ್ಲವೇ, ಕಣ್ಣು ಹಳದಿಯಾಗಿತ್ತೇ, ಊರಿನ ನಾಟಿ ಮದ್ದು ನಡೆಯುತ್ತಿದೆಯೇ, ಎಲ್ಲವನ್ನೂ ಬಿಚ್ಚಿ ಹೇಳಿ. ತಿನ್ನುವ ಮಾತ್ರೆಗಳ ಚೀಟಿ ಇಲ್ಲದಿದ್ದರೆ ಮಾತ್ರೆಯ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿ ತನ್ನಿ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ನಡೆಯಬೇಕು ಎಂದು ಡಾಕ್ಟರು ಹೇಳುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ಉಪವಾಸದ ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ತಿಂಡಿ ಊಟ ಆರು ಗಂಟೆ ಮೊದಲೇ ನಿಲ್ಲಬೇಕು. ಎಣ್ಣೆ ತುಪ್ಪದ ಊಟವಾದರೆ ಎಂಟು ಗಂಟೆ. ಬರಿಯ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕೊಡಬಹುದು, ಅರಿವಳಿಕೆ ಡಾಕ್ಟರು ಒಪ್ಪಿದರೆ ಮಾತ್ರ. ಬೆಳಿಗ್ಗೆ ಸಂಬಂಧಿಕರು ಪ್ರೀತಿಯಿಂದ ಅರ್ಧ ಕಪ್ ಚಹಾ ಕುಡಿಸಿಬಿಡುತ್ತಾರೆ. ಹಾಲು ಹಾಕಿದ ಚಹಾ ನಮ್ಮ ಲೆಕ್ಕದಲ್ಲಿ ಊಟವೇ. ಅರಿವು ತಪ್ಪಿದ ಹೊತ್ತಿನಲ್ಲಿ ಅದು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ. ಕುಡಿದಿದ್ದರೆ ಮುಚ್ಚಿಡಬೇಡಿ. ಆಪರೇಷನ್ ಮುಂದಕ್ಕೆ ಹೋಗಬಹುದು, ಹೋಗಲಿ.

ಒಡವೆ ತೆಗೆಯಿರಿ ಎಂದರೆ ನಮ್ಮ ಹೆಂಗಸರ ಮುಖ ಬಾಡುತ್ತದೆ. ಕರಿಮಣಿ, ಮೂಗುತಿ, ಕಾಲುಂಗುರ ಎಲ್ಲವೂ ತೆಗೆಯಬೇಕು. ಥಿಯೇಟರಿನಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುತ್ತಾರೆ. ಮೈಮೇಲೆ ಲೋಹವಿದ್ದ ಕಡೆ ಸುಡುವ ಸಂಭವವಿದೆ. ಕರಿಮಣಿಯನ್ನು ಮನೆಯವರ ಕೈಗೇ ಕೊಡಿಸಿ, ಬರೆದುಕೊಂಡು, ಸಹಿ ಹಾಕಿಸಿಕೊಳ್ಳುತ್ತೇವೆ. ಗಂಡ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಥಿಯೇಟರಿನ ಹೊರಗೆ ಕುಳಿತಿರಲಿ, ಹೊರಗೆ ಬಂದ ಮೇಲೆ ಕಟ್ಟಿಕೊಳ್ಳಮ್ಮ ಎಂದರೆ ಎಲ್ಲರೂ ಒಪ್ಪುತ್ತಾರೆ. ಉಗುರಿನ ಬಣ್ಣವನ್ನೂ ಅಳಿಸಬೇಕು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಚಿಮುಟ ಕೂರುವುದು ಬೆರಳ ತುದಿಗೆ. ಹೊಕ್ಕುಳನ್ನು ಚೆನ್ನಾಗಿ ತೊಳೆಯಬೇಕು. ದುರ್ಬೀನು ಹೆಚ್ಚಾಗಿ ಒಳಗೆ ಹೋಗುವುದು ಅದರ ಪಕ್ಕದಿಂದಲೇ. ಅಲ್ಲಿ ಉಳಿದ ಕೊಳೆ ಆಮೇಲೆ ಕೀವಾಗಬಹುದು.

ಅವತ್ತೇ ಒಂದು ಪಾಠವೂ ಇದೆ. ಉಸಿರಿನ ಪಾಠ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಕೊಡುತ್ತಾರೆ. ಕೊಳವೆಯನ್ನು ಬಾಯಲ್ಲಿಟ್ಟು ಉಸಿರೆಳೆದರೆ ಚೆಂಡು ಮೇಲೇಳುತ್ತದೆ. ನೋವಿಲ್ಲದಾಗ ಕಲಿತದ್ದು ನೋವಿದ್ದಾಗ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಮಾತನ್ನೂ ಅವತ್ತೇ ಹೇಳಿಬಿಡಬೇಕು. ದುರ್ಬೀನಿನಿಂದ ಶುರು ಮಾಡಿದರೂ ಒಳಗೆ ಅಂಟಿಕೊಂಡಿದ್ದರೆ, ರಕ್ತ ಹೆಚ್ಚು ಬಂದರೆ, ಕೆಲವರಿಗೆ ಹೊಟ್ಟೆ ತೆರೆಯಬೇಕಾಗುತ್ತದೆ. ರೋಗಿಯ ರಕ್ಷಣೆಗೆ ಡಾಕ್ಟರು ತೆಗೆದುಕೊಳ್ಳುವ ತೀರ್ಮಾನ ಅದು. ಮೊದಲೇ ತಿಳಿದಿದ್ದರೆ ಎಚ್ಚರವಾದಾಗ ದೊಡ್ಡ ಪಟ್ಟಿ ಕಂಡು ಎದೆ ಒಡೆಯುವುದಿಲ್ಲ.

ಹೀಗೆ, ಮಾತ್ರೆಗಳ ಲೆಕ್ಕ, ಉಪವಾಸ, ಒಡವೆ, ಹೊಕ್ಕುಳು, ಉಸಿರಿನ ಪಾಠ. ಇಷ್ಟಾದರೆ ರೋಗಿ ಸಿದ್ಧ. ಥಿಯೇಟರಿನೊಳಗೆ ನಾವು ಹೋಗುವುದು ಬೇಡ. ಒಂದು ವಿಷಯ ಮಾತ್ರ ನೆನಪಿಡಿ. ಜಾಗ ಮಾಡಿಕೊಳ್ಳಲು ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಕೊನೆಗೆ ಅದನ್ನು ಹೊರಗೆ ಬಿಟ್ಟರೂ ಸ್ವಲ್ಪ ಒಳಗೆ ಉಳಿಯುತ್ತದೆ. ಈ ಅನಿಲ ರಾತ್ರಿ ನಮ್ಮನ್ನು ಎಬ್ಬಿಸುತ್ತದೆ.

ಆ ರಾತ್ರಿಗೆ ಬರೋಣ. ರೋಗಿ ವಾರ್ಡಿಗೆ ಬಂದ ಮೊದಲ ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ಉಸಿರು ನೋಡುತ್ತೇವೆ. ಆಮೇಲೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ. “ಸಿಸ್ಟರ್, ನಿದ್ದೆ ಮಾಡಲಿ ಬಿಡಿ” ಎಂದು ಮನೆಯವರು ಹೇಳುತ್ತಾರೆ. ಬಿಡಲಾಗುವುದಿಲ್ಲ. ಒಳಗೆ ರಕ್ತ ಸೋರುತ್ತಿದ್ದರೆ ಹೊರಗಿನ ಪಟ್ಟಿ ಒಣಗಿಯೇ ಇರಬಹುದು. ರಕ್ತದೊತ್ತಡವೂ ಮೊದಮೊದಲು ಸರಿಯಾಗಿಯೇ ಇರಬಹುದು. ಮೊದಲು ಏರುವುದು ನಾಡಿ. ಎಂಬತ್ತಿದ್ದದ್ದು ತೊಂಬತ್ತೈದಾಗಿ, ನೂರಹತ್ತಾಗಿ, ರೋಗಿ ಚಡಪಡಿಸತೊಡಗಿ, ಕೈ ತಣ್ಣಗಾಗಿ ಬೆವರಿದರೆ ಡಾಕ್ಟರನ್ನು ಎಬ್ಬಿಸಬೇಕು, ಬೆಳಗಾಗಲಿ ಎಂದು ಕಾಯಬಾರದು. ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಮೂರು ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದಾಗ ತಿಳಿಯುತ್ತದೆ. ಅದಕ್ಕೇ ಆ ಚಾರ್ಟು. ರಾತ್ರಿ ಪಾಳಿಯಲ್ಲಿ ತುಂಬಿದ ವಾರ್ಡಿಗೆ ಒಬ್ಬಳೇ ಸಿಸ್ಟರ್ ಇದ್ದರೆ ಆ ಮೂರು ಅಂಕಿ ಬರೆಯುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ. ವಾರ್ಡಿಗೆ ಸಾಕಷ್ಟು ಸಿಸ್ಟರುಗಳಿರಬೇಕು ಎಂದು ಕೇಳುವುದು ರೋಗಿಗಾಗಿ ಕೇಳುವ ಬೇಡಿಕೆ.

ನಡುರಾತ್ರಿ ರೋಗಿ ಕೂಗುತ್ತಾರೆ. “ಸಿಸ್ಟರ್, ಹೆಗಲು ಒಡೆಯುತ್ತಿದೆ. ಹಾರ್ಟ್ ಅಟ್ಯಾಕ್ ಇರಬೇಕು.” ಆಪರೇಷನ್ ಹೊಟ್ಟೆಗೆ, ನೋವು ಹೆಗಲಿಗೆ. ಯಾರಿಗಾದರೂ ಹೆದರಿಕೆಯಾಗುತ್ತದೆ. ಉಳಿದ ಅನಿಲ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕುತ್ತದೆ. ವಪೆಯ ನರ ಹುಟ್ಟುವುದು ಕುತ್ತಿಗೆಯಲ್ಲಿ. ಹೆಗಲಿನ ಚರ್ಮದ ನರಗಳೂ ಅಲ್ಲಿಯವೇ. ಹಾಗಾಗಿ ಒಳಗಿನ ಕಿರಿಕಿರಿ ಹೆಗಲಿನಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ. ಆದರೂ “ಅದು ಗ್ಯಾಸಿನ ನೋವು, ಮಲಗಿ” ಎಂದು ಹೇಳಿ ತಿರುಗಿ ಹೋಗುವ ಸಿಸ್ಟರ್ ತಪ್ಪು ಮಾಡುತ್ತಾರೆ. ಮೊದಲು ನಾಡಿ, ರಕ್ತದೊತ್ತಡ, ಉಸಿರು ನೋಡಬೇಕು. ಎದೆ ಹಿಂಡುತ್ತಿದೆಯೇ, ಬೆವರುತ್ತಿದೆಯೇ, ದಮ್ಮು ಕಟ್ಟುತ್ತಿದೆಯೇ ಎಂದು ಕೇಳಬೇಕು. ಅನುಮಾನ ಬಂದರೆ ಇಸಿಜಿ ಆಗಲೇಬೇಕು. ಎಲ್ಲ ಸರಿಯಿದ್ದರೆ ಎಡ ಮಗ್ಗುಲಿಗೆ ತಿರುಗಿಸಿ ಬಲ ಮೊಣಕಾಲನ್ನು ಮಡಚಿ ಮಲಗಿಸುತ್ತೇವೆ. ಹೆಗಲಿಗೆ ಹದವಾದ ಶಾಖ ಕೊಡುತ್ತೇವೆ. ಸ್ವಲ್ಪ ನಡೆಸುತ್ತೇವೆ. ಎರಡು ಮೂರು ದಿನದಲ್ಲಿ ಅನಿಲ ಮೈಯಲ್ಲೇ ಕರಗಿ ಹೋಗುತ್ತದೆ.

ನೋವನ್ನು ಅಳೆಯಲು ಸೊನ್ನೆಯಿಂದ ಹತ್ತರವರೆಗೆ ಅಂಕಿ ಹೇಳಿ ಎನ್ನುತ್ತೇವೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು. ಕಲ್ಯಾಣದ ವಾರ್ಡಿನಲ್ಲಿ ಸಿಸ್ಟರ್ ಮಲಯಾಳಿ, ಆಯಾ ಕೆಲಸದ ಮಾವಶಿ ಮರಾಠಿ, ರೋಗಿ ಕನ್ನಡದವರು. ಆಗ ಬೆರಳಿನಿಂದ ತೋರಿಸಿದ ಅಂಕಿ ಎಲ್ಲರಿಗೂ ತಿಳಿಯುತ್ತದೆ. ಹಲ್ಲು ಕಚ್ಚಿ ನೋವು ನುಂಗುವವರು ನಮ್ಮವರಲ್ಲಿ ಬಹಳ. ನುಂಗಬೇಡಿ. ನೋವಿದ್ದವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಏಳುವುದಿಲ್ಲ. ಕಫ ಕೂತು ನ್ಯುಮೋನಿಯಾ ಬರಬಹುದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ದೊಡ್ಡ ಗಾಯದವರಿಗೆ ಈ ಭಯ ಇನ್ನೂ ಹೆಚ್ಚು. ಕೆಮ್ಮು ಬಂದಾಗ ಹೊಟ್ಟೆಗೆ ಒಂದು ದಿಂಬನ್ನು ಅವಚಿ ಹಿಡಿದು ಕೆಮ್ಮಿ.

ಆಪರೇಷನ್ ಆದ ದಿನ ಸಂಜೆಯೊಳಗೆ ಮೂತ್ರ ಆಗಬೇಕು. ಆರೇಳು ಗಂಟೆಯಾದರೂ ಆಗದಿದ್ದರೆ ತಿಳಿಸಿ. ವಾಂತಿ ನಿಂತ ಮೇಲೆ ಗುಟುಕು ನೀರು, ಆಮೇಲೆ ಗಂಜಿ ತಿಳಿ. ಅವತ್ತೇ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸುತ್ತೇವೆ. ಕೆಲವರಿಗೆ ಹೊಟ್ಟೆಯಿಂದ ಒಂದು ಸಣ್ಣ ನಳಿಕೆ ಬಿಟ್ಟಿರುತ್ತಾರೆ. ಅದರಲ್ಲಿ ಸ್ವಲ್ಪ ಕೆಂಪು ನೀರು ಬಂದರೆ ಹೆದರಿಕೆಯಿಲ್ಲ. ಹಸಿರು ಹಳದಿ ಬಣ್ಣದ ದ್ರವ ಬಂದರೆ ಅದು ಪಿತ್ತರಸ. ಕೂಡಲೇ ಹೇಳಬೇಕು.

ಹಾಗಾದರೆ ಆ ರಾತ್ರಿಯ ಕೆಲಸ ಇದು: ನಾಡಿಯ ಲೆಕ್ಕ ಬಿಡಬಾರದು, ಹೆಗಲು ನೋವನ್ನು ಪರೀಕ್ಷಿಸದೆ ತಳ್ಳಿಹಾಕಬಾರದು, ರೋಗಿ ನೋವು ನುಂಗಬಾರದು. ಮರುದಿನವೋ ಅದರ ಮರುದಿನವೋ ಡಿಸ್ಚಾರ್ಜ್. ಈಗ ಪಾಳಿ ನಿಮ್ಮದು.

ಮನೆಯ ಮಾತನ್ನು ನಮ್ಮ ವಿಠ್ಠಲವಾಡಿಯ ಮನೆ ಇಟ್ಟುಕೊಂಡೇ ಹೇಳುತ್ತೇನೆ. ಲಿಫ್ಟ್ ಇಲ್ಲದ ಮೂರನೆಯ ಮಾಳಿಗೆ ಇರಬಹುದು. ಮೆಟ್ಟಿಲು ಹತ್ತಬಹುದು, ನಿಧಾನವಾಗಿ, ಕಟಾಂಜನ ಹಿಡಿದು. ಆದರೆ ನಲ್ಲಿ ನೀರು ಬಂದಾಗ ಕೊಡ ಎತ್ತಲು ಓಡಬಾರದು. ದುರ್ಬೀನಿನ ಆಪರೇಷನ್ ಆದವರು ಕೆಲವು ವಾರ, ಹೊಟ್ಟೆ ತೆರೆದವರು ಸುಮಾರು ಆರು ವಾರ, ಡಾಕ್ಟರು ಹೇಳುವ ತನಕ ಭಾರ ಎತ್ತಬಾರದು. ಇದನ್ನು ನಾನು ರೋಗಿಗಿಂತ ಹೆಚ್ಚಾಗಿ ಅವಳ ಗಂಡನಿಗೆ, ಅತ್ತೆಗೆ ಹೇಳುತ್ತೇನೆ. ಗಾಯ ಚಿಕ್ಕದಾಗಿ ಕಂಡದ್ದೇ ನಮ್ಮ ಹೆಣ್ಣುಮಕ್ಕಳಿಗೆ ಕಷ್ಟವಾಗಿದೆ. ನಾಲ್ಕು ದಿನಕ್ಕೆ ಒಲೆ ಮುಂದೆ ನಿಲ್ಲಿಸಿಬಿಡುತ್ತಾರೆ. ಒಳಗಿನ ಗಾಯ ಹೊರಗೆ ಕಾಣುವ ಪಟ್ಟಿಗಿಂತ ದೊಡ್ಡದು. ಅಷ್ಟೂ ವಾರ ಅವಳ ಕೊಡವನ್ನು ಮನೆಯ ಬೇರೆಯವರು ಹೊರಲಿ.

ನೆಲದ ಹಾಸಿಗೆಯಿಂದ ನೇರವಾಗಿ ಎದ್ದು ಕೂರಬೇಡಿ. ಮೊದಲು ಮಗ್ಗುಲಾಗಿ, ಮೊಣಕೈ ಊರಿ, ಆಮೇಲೆ ಏಳಿ. ಕೆಲಸಕ್ಕೆ ಹೊರಡುವ ಅವಸರವೂ ಬೇಡ. ಬೆಳಗಿನ ಹೊತ್ತಿನ ಲೋಕಲ್‌ನಲ್ಲಿ ಕಲ್ಯಾಣದ ನೂಕುನುಗ್ಗಲು ನಿಮಗೇ ಗೊತ್ತು. ಒಂದು ಮೊಣಕೈ ಹೊಟ್ಟೆಗೆ ತಗಲಿದರೂ ಕಷ್ಟ. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು. ಹೋಟೆಲಿನಲ್ಲಿ ಪಾತ್ರೆ ಎತ್ತುವವರು, ಇಟ್ಟಿಗೆ ಹೊರುವವರು ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ರಜೆ ಹೆಚ್ಚಿಸಿಕೊಳ್ಳಿ.

ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ, ಭಸ್ಮ ಯಾವುದೂ ಬೇಡ. ಸ್ನಾನ ಎಂದಿನಿಂದ ಎಂದು ಕೇಳಿಕೊಂಡು ಬನ್ನಿ. ಸ್ನಾನವಾದ ಮೇಲೆ ಒಗೆದ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ.

ಊಟಕ್ಕೆ ದುಬಾರಿ ಡಬ್ಬಿ ಪುಡಿ ಬೇಕಿಲ್ಲ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಬಡಗಿನವರಿಗೆ ಜೋಳದ ನುಚ್ಚು, ಮಜ್ಜಿಗೆ. ಇಡ್ಲಿ, ಹೆಸರುಬೇಳೆ ತೊವ್ವೆ, ಬೇಯಿಸಿದ ತರಕಾರಿ. ಸ್ವಲ್ಪ ಸ್ವಲ್ಪ, ನಾಲ್ಕೈದು ಹೊತ್ತು. ವಡಾಪಾವ್, ಬಜ್ಜಿ, ತುಪ್ಪದ ಹೋಳಿಗೆ ಕೆಲವು ವಾರ ಕಾಯಲಿ. ಜಿಡ್ಡು ತಿಂದ ಕೂಡಲೇ ಕೆಲವರಿಗೆ ಭೇದಿಯಾಗುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಸರಿಹೋಗುತ್ತದೆ. ಜೀವನಪೂರ್ತಿ ಪಥ್ಯ ಬೇಕಿಲ್ಲ.

ಈಗ ಮೂರನೆಯ ದಿನ. ಭಾರ, ಏಳುವ ರೀತಿ, ಗಾಯ, ಊಟ ಇವೆಲ್ಲ ನೋಡಿದೆವು. ಎಲ್ಲಕ್ಕಿಂತ ಮುಖ್ಯವಾದುದು ಇನ್ನು ಹೇಳುವುದು. ಪಿತ್ತನಾಳಕ್ಕೆ ಪೆಟ್ಟಾಗುವುದು ಅಪರೂಪ, ಸಾವಿರಕ್ಕೆ ಮೂರೋ ಐದೋ. ಆದರೆ ಹಾಗಾದರೆ, ಅಥವಾ ಚೀಲ ಕತ್ತರಿಸಿ ಕಟ್ಟಿದ ಜಾಗದಿಂದ ರಸ ಸೋರಿದರೆ, ಅದು ಹೆಚ್ಚಾಗಿ ಗೊತ್ತಾಗುವುದು ಮನೆಗೆ ಬಂದ ಮೇಲೆ, ಮೊದಲ ವಾರದಲ್ಲಿ. ಗುರುತಿಸುವುದು ಹೇಗೆ? ರೋಗಿ ನಿನ್ನೆಗಿಂತ ಇವತ್ತು ಒಂದಿಷ್ಟಾದರೂ ಚೆನ್ನಾಗಿರಬೇಕು. ಮೊದಲ ದಿನ ನೋವು ಆರು ಎಂದಿದ್ದರೆ ಎರಡನೆಯ ದಿನ ನಾಲ್ಕು, ಮೂರನೆಯ ದಿನ ಮೂರು. ಅದು ಮತ್ತೆ ಏರಿ ಏಳಾದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ಊಟ ಬೇಡವಾಗಿ ವಾಂತಿಯಾದರೆ ಮಾತ್ರೆ ನುಂಗಿಸಿ ಮಲಗಿಸಬೇಡಿ. ಚಳಿ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿ ಮಲ ಸುಣ್ಣದ ಬಣ್ಣಕ್ಕೆ ಬಂದರೆ, ಗಾಯದಲ್ಲಿ ಕೀವು ಕಂಡರೆ, ಒಂದು ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಉಸಿರು ಸಿಕ್ಕಿಕೊಂಡರೆ, ಆ ರಾತ್ರಿಯೇ ಹೊರಡಿ. ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗುವುದು ಒಳ್ಳೆಯದು. ದೂರವಾದರೆ ಹತ್ತಿರದ ದೊಡ್ಡ ಆಸ್ಪತ್ರೆ. ಉಲ್ಲಾಸನಗರದಲ್ಲಿ ಸರ್ಕಾರಿ ಸೆಂಟ್ರಲ್ ಹಾಸ್ಪಿಟಲ್ ಇದೆ, ಕಲ್ಯಾಣದಲ್ಲಿ ಮಹಾನಗರಪಾಲಿಕೆಯ ರುಕ್ಮಿಣಿಬಾಯಿ ಆಸ್ಪತ್ರೆ ಇದೆ. ಡಿಸ್ಚಾರ್ಜ್ ಕಾರ್ಡನ್ನು ಕೈಯಲ್ಲಿ ಹಿಡಿದು ಹೋಗಿ. “ಹೊಟ್ಟೆನೋವು” ಎಂದಷ್ಟೇ ಹೇಳಬೇಡಿ. “ಪಿತ್ತಕೋಶದ ಆಪರೇಷನ್ ಆಗಿ ಇಷ್ಟು ದಿನ, ಕಡಿಮೆಯಾಗಿದ್ದ ನೋವು ಇವತ್ತು ಹೆಚ್ಚಾಯಿತು” ಎಂದು ಹೇಳಿ. ಅಷ್ಟು ಹೇಳಿದರೆ ಅಲ್ಲಿನವರಿಗೆ ದಾರಿ ತಿಳಿಯುತ್ತದೆ.

ಸಿಸ್ಟರುಗಳಿಗೂ ಒಂದು ಮಾತು. ಈ ಲಕ್ಷಣಗಳನ್ನು ಡಿಸ್ಚಾರ್ಜ್ ಹೊತ್ತಿನಲ್ಲಿ, ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ಹೇಳಬೇಡಿ. ಹಿಂದಿನ ಸಂಜೆ ಮನೆಯವರನ್ನು ಕೂರಿಸಿಕೊಂಡು ಹೇಳಿ. ಹೇಳಿದ್ದನ್ನು ಅವರ ಬಾಯಿಂದ ಒಮ್ಮೆ ಹೇಳಿಸಿ. ಓದಲು ಬಾರದವರಿದ್ದರೆ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಕರೆಸಿ.

ಕೊನೆಯದಾಗಿ ಒಂದು ಕೆಲಸ ಉಳಿಯುತ್ತದೆ. ತೆಗೆದ ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ನಿಮಗೆ ಕೊಡುತ್ತಾರೆ. ಬಂದವರಿಗೆಲ್ಲ ಅದನ್ನು ತೋರಿಸುತ್ತೀರಿ. ಚೀಲವನ್ನು ಮಾತ್ರ ಲ್ಯಾಬಿಗೆ ಕಳಿಸಿರುತ್ತಾರೆ. ಅದರ ರಿಪೋರ್ಟ್ ಬರಲು ಕೆಲವು ದಿನ ಬೇಕು. ಆ ಹೊತ್ತಿಗೆ ನೋವು ಹೋಗಿರುತ್ತದೆ, ಎಷ್ಟೋ ಜನ ರಿಪೋರ್ಟ್ ತರಲು ಹೋಗುವುದೇ ಇಲ್ಲ. ಅಪರೂಪಕ್ಕೆ ಆ ಚೀಲದಲ್ಲಿ ಕ್ಯಾನ್ಸರಿನ ಆರಂಭ ಸಿಗುತ್ತದೆ, ಬೇಗ ತಿಳಿದರೆ ಚಿಕಿತ್ಸೆಗೆ ಅವಕಾಶವಿರುತ್ತದೆ. ಹೊಲಿಗೆ ತೋರಿಸಲು ಹೋಗುವ ದಿನ, ಸಾಮಾನ್ಯವಾಗಿ ವಾರ ಹತ್ತು ದಿನಕ್ಕೆ, ರಿಪೋರ್ಟ್ ಬಂತೇ ಎಂದು ಕೇಳಿ. ಬಂದಿಲ್ಲವೆಂದರೆ ಇನ್ನೊಮ್ಮೆ ಹೋಗಿ ತನ್ನಿ, ಡಾಕ್ಟರಿಗೆ ತೋರಿಸಿ, ಡಿಸ್ಚಾರ್ಜ್ ಕಾರ್ಡಿನ ಜೊತೆ ತೆಗೆದಿಡಿ.